ತಿಂಗಳ ಸಂಬಳ, ವರ್ಷದ ಸಂಸಾರ

ಮೇ ತಿಂಗಳ ಕೊನೆಯ ವಾರದಲ್ಲಿ ನಮ್ಮ ಯಾವುದಾದರೂ ತಾಲ್ಲೂಕು ಕೇಂದ್ರದ ಪೇಟೆ ಬೀದಿಗೆ ಹೋಗಿ ನೋಡಿ. ಪುಸ್ತಕ, ಬ್ಯಾಗು, ಸಮವಸ್ತ್ರದ ಅಂಗಡಿಯ ಮುಂದೆ ಜನ ಕಿಕ್ಕಿರಿದಿರುತ್ತಾರೆ. ನಾಲ್ಕು ಅಂಗಡಿ ಆಚೆಗೆ, ಚಿನ್ನದ ಮೇಲೆ ಸಾಲ ಕೊಡುವ ಕಚೇರಿಯ ಬೆಂಚಿನ ಮೇಲೂ ಅದೇ ಅಪ್ಪ ಅಮ್ಮಂದಿರು ಕುಳಿತಿರುತ್ತಾರೆ. ಜೂನ್ ಬಂದರೆ ಶಾಲೆ ಶುರುವಾಗುತ್ತದೆ ಎಂಬುದು ಯಾರಿಗೂ ಹೊಸ ಸುದ್ದಿಯಲ್ಲ. ಮಗುವನ್ನು ಒಂದನೇ ತರಗತಿಗೆ ಸೇರಿಸಿದ ದಿನವೇ ಎಸ್ಸೆಸ್ಸೆಲ್ಸಿವರೆಗಿನ ಎಲ್ಲ ಜೂನ್‌ಗಳೂ ಗೊತ್ತಾಗಿಬಿಟ್ಟಿರುತ್ತವೆ. ಆದರೂ ಪ್ರತಿ ವರ್ಷ ಅದು ಹೇಳದೆ ಕೇಳದೆ ಬಂದ ನೆಂಟನ ಹಾಗೆ ಬರುತ್ತದೆ, ಕೈಯ ಬಳೆ ಬಿಚ್ಚಿಸಿಕೊಂಡು ಹೋಗುತ್ತದೆ.

ಹೀಗೆ ಬಳೆ ಅಡವಿಡುವವರಲ್ಲಿ ಹೆಚ್ಚಿನವರು ದುಂದುಗಾರರಲ್ಲ. ಬಾಡಿಗೆ, ದಿನಸಿ, ಹಾಲು, ಗ್ಯಾಸು, ಬಸ್ಸು, ಮೊಬೈಲು ಎಂದು ತಿಂಗಳ ಲೆಕ್ಕವನ್ನು ಅಚ್ಚುಕಟ್ಟಾಗಿ ಹಾಕಿ, ತಿಂಗಳ ಕೊನೆಗೆ ಐನೂರು ಸಾವಿರ ಮಿಗಿಸಿದವರೂ ಅವರಲ್ಲಿ ಇದ್ದಾರೆ. ಲೆಕ್ಕ ತಪ್ಪಿಲ್ಲ, ಆದರೆ ಅದರ ಅಳತೆ ಚಿಕ್ಕದಾಯಿತು. ಸಂಬಳ ತಿಂಗಳಿಗೊಮ್ಮೆ ಬರುತ್ತದೆ ಎಂದು ನಾವು ಸಂಸಾರವನ್ನೂ ತಿಂಗಳಿನಲ್ಲೇ ಅಳೆಯುತ್ತೇವೆ. ಸಂಸಾರ ನಡೆಯುವುದು ವರ್ಷದ ಲೆಕ್ಕದಲ್ಲಿ. ಮನೆಯ ಆಯವ್ಯಯದ ಬಗ್ಗೆ ನನಗೆ ಹೇಳಬೇಕೆನಿಸುವ ಮುಖ್ಯ ಮಾತು ಇದೇ: ರೂಢಿಸಿಕೊಳ್ಳಬೇಕಾದ ಮೊದಲ ಅಭ್ಯಾಸ ಖರ್ಚು ಕತ್ತರಿಸುವುದಲ್ಲ, ಹನ್ನೆರಡು ತಿಂಗಳನ್ನು ಒಟ್ಟಿಗೆ ಕಣ್ಣ ಮುಂದೆ ಇಟ್ಟುಕೊಳ್ಳುವುದು.

ಉಳಿತಾಯದ ಉಪದೇಶ ನಮ್ಮಲ್ಲಿ ಯಾವಾಗಲೂ ಅಡುಗೆಮನೆಯ ಬಾಗಿಲಿಗೇ ಬಂದು ನಿಲ್ಲುತ್ತದೆ. ಎಣ್ಣೆ ಕಡಿಮೆ ಹಾಕಿ, ತರಕಾರಿಯನ್ನು ಸಂತೆಯಲ್ಲಿ ತನ್ನಿ, ಹೊರಗೆ ಕಾಫಿ ಕುಡಿಯಬೇಡಿ. ಮಾತು ಸುಳ್ಳಲ್ಲ, ಆದರೆ ದುಡ್ಡು ಹೆಚ್ಚು ಹೋಗುತ್ತಿರುವ ಜಾಗ ಅದಲ್ಲ. ಕೇಂದ್ರ ಸರ್ಕಾರದ 2023-24ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಒಟ್ಟು ಬಳಕೆ ವೆಚ್ಚದಲ್ಲಿ ಆಹಾರದ ಪಾಲು ಸುಮಾರು ಶೇ 47, ಪಟ್ಟಣಗಳಲ್ಲಿ ಸುಮಾರು ಶೇ 40. ಕಾಲು ಶತಮಾನದ ಹಿಂದೆ, 1999-2000ದಲ್ಲಿ, ಹಳ್ಳಿಗಳಲ್ಲಿ ಈ ಪಾಲು ಶೇ 59ರಷ್ಟಿತ್ತು. ಅಂದರೆ ಇವತ್ತು ಹಳ್ಳಿಯಲ್ಲೂ ಅರ್ಧಕ್ಕಿಂತ ಹೆಚ್ಚು ಹಣ ಅಡುಗೆಮನೆಯ ಹೊರಗೆ ಖರ್ಚಾಗುತ್ತಿದೆ: ಓಡಾಟಕ್ಕೆ, ಆಸ್ಪತ್ರೆಗೆ, ಓದಿಗೆ, ಬಟ್ಟೆಗೆ, ಮನೆಯ ಸಾಮಾನಿಗೆ. ಅನ್ನ ದಿನವೂ ಒಂದೇ ಅಳತೆಯಲ್ಲಿ ಬೇಯುತ್ತದೆ, ಈ ಖರ್ಚುಗಳಲ್ಲಿ ಬಹಳಷ್ಟು ಹಾಗೆ ಬರುವುದಿಲ್ಲ. ಮೂರು ತಿಂಗಳು ಸುಮ್ಮನಿದ್ದು ನಾಲ್ಕನೆಯ ತಿಂಗಳು ಒಟ್ಟಿಗೆ ಬಂದು ಬೀಳುತ್ತವೆ. ಎಣ್ಣೆ ಮಿಗಿಸುವ ಹೆಣ್ಣುಮಗಳ ಮೇಲೆ ಇಡೀ ಮನೆಯ ಹಣಕಾಸಿನ ಭಾರ ಹೊರಿಸುವುದು ಅನ್ಯಾಯ, ತಪ್ಪು ಲೆಕ್ಕವೂ ಹೌದು.

ನಮ್ಮ ಕಡೆಯ ವರ್ಷವನ್ನೇ ನೋಡೋಣ. ಯುಗಾದಿಗೆ ಹೊಸ ಬಟ್ಟೆ. ಏಪ್ರಿಲ್‌ನಲ್ಲಿ ಮನೆ ಕಂದಾಯ, ಆ ತಿಂಗಳೊಳಗೆ ಕಟ್ಟಿದರೆ ಶೇ 5 ರಿಯಾಯಿತಿ ಸಿಗುತ್ತದೆ ಎಂಬ ಆಸೆಗೆ ಆಗಲೇ ಕಟ್ಟಬೇಕು. ಏಪ್ರಿಲ್, ಮೇ ಎಂದರೆ ಮದುವೆಗಳ ಸುಗ್ಗಿ, ವಾರಕ್ಕೆರಡು ಲಗ್ನಪತ್ರಿಕೆ. ಮಲೆನಾಡು, ಕರಾವಳಿಯಲ್ಲಾದರೆ ಮಳೆ ಹಿಡಿಯುವ ಮುಂಚೆ ಹೆಂಚು ಸರಿಮಾಡಿಸಬೇಕು, ಸೌದೆ ಒಟ್ಟಬೇಕು, ಮಳೆಗಾಲಕ್ಕೆ ದಿನಸಿ ತುಂಬಿಕೊಳ್ಳಬೇಕು. ಅದರ ಬೆನ್ನಿಗೇ ಶಾಲೆ. ಆಷಾಢದಲ್ಲಿ ಶುಭಕಾರ್ಯಗಳಿಲ್ಲ, ಕೈ ಒಂದಿಷ್ಟು ಉಸಿರಾಡುತ್ತದೆ ಅನ್ನುವಾಗ ಬಟ್ಟೆ ಅಂಗಡಿಗಳ ರಿಯಾಯಿತಿ ಮಾರಾಟ ಕರೆಯುತ್ತದೆ. ಶ್ರಾವಣಕ್ಕೆ ವರಮಹಾಲಕ್ಷ್ಮಿ, ಭಾದ್ರಪದಕ್ಕೆ ಗೌರಿ ಗಣೇಶ, ಮಗಳ ಮನೆಗೆ ಬಾಗಿನ, ಆಮೇಲೆ ದಸರೆ, ದೀಪಾವಳಿ. ಈ ನಡುವೆ ಬೈಕಿನ ವಿಮೆ, ಎಲ್‌ಐಸಿ ಕಂತು, ಊರಹಬ್ಬ. ಇವುಗಳಲ್ಲಿ ಒಂದಾದರೂ ಅನಿರೀಕ್ಷಿತವೇ? ಕ್ಯಾಲೆಂಡರಿನಲ್ಲಿ ಮುಂಚೆಯೇ ಅಚ್ಚಾಗಿರುವ ದಿನಗಳು ಇವು.

ಒಂದು ಮನೆಯನ್ನು ಊಹಿಸಿಕೊಳ್ಳಿ. ದಾವಣಗೆರೆಯಂಥ ಊರು, ಗಂಡ ಹೆಂಡತಿ ಇಬ್ಬರದೂ ಸೇರಿ ತಿಂಗಳಿಗೆ 38,000 ರೂಪಾಯಿ ಆದಾಯ, ಇಬ್ಬರು ಮಕ್ಕಳು. ವರ್ಷಕ್ಕೆ ಶಾಲೆಯ ಶುಲ್ಕ 48,000. ಪುಸ್ತಕ, ಸಮವಸ್ತ್ರ, ಶೂ ಸೇರಿ 9,000. ಕಂದಾಯ 3,000. ಬೈಕಿನ ವಿಮೆ, ರಿಪೇರಿ 6,000. ಎಲ್‌ಐಸಿ 18,000. ಹಬ್ಬ, ಬಟ್ಟೆ 20,000. ಮದುವೆ, ನಾಮಕರಣಗಳ ಮುಯ್ಯಿ 12,000. ಜಾತ್ರೆಗೆ ಊರಿಗೆ ಹೋಗಿಬರಲು 8,000. ಡಾಕ್ಟರು, ಔಷಧಿ 14,000. ಕೂಡಿಸಿದರೆ 1,38,000. ಹನ್ನೆರಡರಿಂದ ಭಾಗಿಸಿ: ತಿಂಗಳಿಗೆ 11,500.

ಈ ಮನೆ ತನ್ನ ಆದಾಯ 38,000 ಎಂದು ತಿಳಿದುಕೊಂಡಿದೆ. ಟಿವಿಗೆ ಕಂತು ಕಟ್ಟುತ್ತೇನೆಂದು ಸಹಿ ಹಾಕುವಾಗ, ತಂಗಿಯ ಗಂಡನಿಗೆ ಕೈಗಡ ಕೊಡುವಾಗ ಅದರ ತಲೆಯಲ್ಲಿರುವ ಅಂಕಿ ಅದೇ. ನಿಜವಾಗಿ ತಿಂಗಳ ಸಂಸಾರಕ್ಕೆ ಅದರ ಕೈಯಲ್ಲಿರುವುದು 26,500. ಉಳಿದದ್ದು ಮುಂದಿನ ತಿಂಗಳುಗಳಿಗೆ ಸೇರಿದ್ದು. ಅದು ಈ ತಿಂಗಳ ಖಾತೆಯಲ್ಲಿ ಕಂಡಮಾತ್ರಕ್ಕೆ ಈ ತಿಂಗಳಿನದಾಗುವುದಿಲ್ಲ. 38,000 ಮತ್ತು 26,500ರ ನಡುವಿನ ಈ ಅಂತರ ಗೊತ್ತಿಲ್ಲದೆ ಬದುಕುವುದರಿಂದಲೇ ಮಧ್ಯಮ ವರ್ಗದ ಎಷ್ಟೋ ಸಾಲಗಳು ಹುಟ್ಟುತ್ತವೆ ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

"26,500ರಲ್ಲಿ ತಿಂಗಳು ಸಾಗುವುದೇ ಇಲ್ಲವಲ್ಲ" ಎಂದು ಕೇಳುವವರಿದ್ದಾರೆ. ಅವರ ಪ್ರಶ್ನೆಯಲ್ಲಿ ನೋವಿದೆ, ಅದನ್ನು ಲಘುವಾಗಿ ನೋಡಬಾರದು. ಬಹಳ ಮನೆಗಳಲ್ಲಿ ಆದಾಯವೇ ಸಾಲದು, ಅದಕ್ಕೆ ಯಾವ ಲೆಕ್ಕದ ಪುಸ್ತಕವೂ ಮದ್ದಲ್ಲ. ಆದರೆ ಕೊರತೆ ಇರುವುದೇ ನಿಜವಾದರೆ ಅದು ಮೇ ತಿಂಗಳಲ್ಲಿ ಗೊತ್ತಾಗುವುದಕ್ಕೂ ಹಿಂದಿನ ಜುಲೈನಲ್ಲಿ ಗೊತ್ತಾಗುವುದಕ್ಕೂ ಬಹಳ ವ್ಯತ್ಯಾಸವಿದೆ. ಜುಲೈನಲ್ಲಿ ಗೊತ್ತಾದರೆ ದಾರಿಗಳು ತೆರೆದಿರುತ್ತವೆ. ಶುಲ್ಕವನ್ನು ಮೂರು ಕಂತಿನಲ್ಲಿ ಕಟ್ಟಲು ಶಾಲೆಯನ್ನು ಕೇಳಬಹುದು, ವಾರ್ಷಿಕ ವಿಮಾ ಕಂತನ್ನು ಆರು ತಿಂಗಳಿಗೆ ಬದಲಿಸಿಕೊಳ್ಳಬಹುದು, ಬಾಡಿಗೆಯಲ್ಲಿರುವವರು ಬಾಡಿಗೆ ಕಡಿಮೆಯಿರುವ ಕಡೆಗೆ ಮನೆ ಬದಲಿಸುವ ಯೋಚನೆ ಮಾಡಬಹುದು. ಮೇ 28ರಂದು ಗೊತ್ತಾದರೆ ಉಳಿಯುವುದು ಸಾಲದ ದಾರಿ ಮಾತ್ರ.

ಎಲ್ಲವನ್ನೂ ಒಟ್ಟಿಗೆ ಹಿಡಿಯಲು ಹೋಗದಿರುವುದು ಒಳ್ಳೆಯದು. ಒಂದೇ ಖರ್ಚು ಆರಿಸಿಕೊಳ್ಳಿ. ಮೇಲಿನ ಮನೆಯದೇ ಉದಾಹರಣೆಯಾದರೆ ಶಾಲೆಯ ಶುಲ್ಕ ಮತ್ತು ಪುಸ್ತಕ ಸೇರಿ 57,000. ಈ ಜೂನ್‌ನಿಂದಲೇ ಮುಂದಿನ ಜೂನ್‌ಗೆ ತಿಂಗಳಿಗೆ 4,750 ತೆಗೆದಿಟ್ಟರೆ ಸಾಕು. ಒಂದು ಜೂನ್ ಸಾಲವಿಲ್ಲದೆ ಕಳೆದರೆ ಆಗುವ ನೆಮ್ಮದಿಯೇ ಎರಡನೆಯ ಖರ್ಚನ್ನು ಸೇರಿಸಲು ಧೈರ್ಯ ಕೊಡುತ್ತದೆ. ಈ ಹಣಕ್ಕೆ ಬೇರೆಯೇ ಒಂದು ಉಳಿತಾಯ ಖಾತೆ ಇರಲಿ. ಅದನ್ನು ಮೊಬೈಲಿನ ಯುಪಿಐಗೆ ಜೋಡಿಸಬೇಡಿ, ಅದರ ಎಟಿಎಂ ಕಾರ್ಡು ಪರ್ಸಿನಲ್ಲಿ ಬೇಡ. ಸಂಬಳ ಬಂದ ಮರುದಿನವೇ ತಾನಾಗಿ ಅಲ್ಲಿಗೆ ಹಣ ಹೋಗುವಂತೆ ಬ್ಯಾಂಕಿಗೆ ಒಮ್ಮೆ ಬರೆದುಕೊಟ್ಟರೆ ಆಯಿತು. ತಿಂಗಳ ಕೊನೆಗೆ ಉಳಿದದ್ದನ್ನು ತೆಗೆದಿಡುತ್ತೇನೆ ಎಂದರೆ ಉಳಿಯುವುದಿಲ್ಲ. ಹನ್ನೆರಡು ತಿಂಗಳ ಆರ್‌ಡಿ ಮಾಡಿಸಿದರೂ ಕೆಲಸ ನಡೆಯುತ್ತದೆ. ಅಂಚೆ ಕಚೇರಿಯ ಆರ್‌ಡಿ ತಿಂಗಳಿಗೆ 100 ರೂಪಾಯಿಯಿಂದಲೇ ಶುರುವಾಗುತ್ತದಾದರೂ ಅದರ ಅವಧಿ 5 ವರ್ಷ. ಹಾಗಾಗಿ ಅದು ಜೂನ್‌ನ ಶುಲ್ಕಕ್ಕಿಂತ ಮಗಳ ಕಾಲೇಜಿಗೆ ಹೆಚ್ಚು ಹೊಂದುತ್ತದೆ.

ಹಣ ಇಡುವ ಜಾಗದ ಬಗ್ಗೆ ಒಂದು ಮಾತು. ಬ್ಯಾಂಕ್ ಠೇವಣಿಗೆ, ಸಹಕಾರಿ ಬ್ಯಾಂಕುಗಳೂ ಸೇರಿ, ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿವರೆಗೆ ವಿಮೆಯ ರಕ್ಷಣೆ ಇದೆ. 2020ರ ಫೆಬ್ರುವರಿವರೆಗೆ ಅದು 1 ಲಕ್ಷವಷ್ಟೇ ಇತ್ತು. ಬ್ಯಾಂಕ್ ಅಲ್ಲದ ಪತ್ತಿನ ಸಹಕಾರ ಸಂಘಕ್ಕೂ ಬೀದಿಯ ಚೀಟಿಗೂ ಈ ರಕ್ಷಣೆ ಇಲ್ಲ. ಚೀಟಿಯನ್ನು ನಾನು ಹಳಿಯುವುದಿಲ್ಲ, ಪ್ರತಿ ತಿಂಗಳು ಕಟ್ಟಲೇಬೇಕೆಂಬ ಕಟ್ಟುಪಾಡನ್ನು ಅದು ಎಷ್ಟೋ ಮನೆಗಳಿಗೆ ಕಲಿಸಿದೆ. ಆದರೆ ಹಾಕುವುದಾದರೆ 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಾಯಿಸಿದ ಕಡೆ ಹಾಕಿ. ಸರ್ಕಾರದ್ದೇ ಆದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಪರಿಚಯದವರು ಎಂಬ ಒಂದೇ ನಂಬಿಕೆಯ ಮೇಲೆ ಮಕ್ಕಳ ಶುಲ್ಕವನ್ನು ಕೊಡಬಾರದು.

ಇನ್ನು ದಿನದಿನದ ಖರ್ಚನ್ನು ಬರೆಯುವ ವಿಷಯ. ಬರೆಯುವವರ ಬಗ್ಗೆ ನನಗೆ ಗೌರವವಿದೆ. ಆದರೆ ಜನವರಿಯಲ್ಲಿ ಹೊಸ ಡೈರಿಯಲ್ಲಿ ಕೊತ್ತಂಬರಿ ಸೊಪ್ಪಿನಿಂದ ಶುರುವಾದ ಬರವಣಿಗೆ ಸಂಕ್ರಾಂತಿ ದಾಟುವುದು ಕಷ್ಟ. ಈಗ ಅದರ ಅಗತ್ಯವೂ ಕಡಿಮೆಯಾಗಿದೆ. ಹತ್ತು ರೂಪಾಯಿಯ ಟೀಗೂ ಕ್ಯೂಆರ್ ಕೋಡ್ ತೋರಿಸುವ ಕಾಲದಲ್ಲಿ ನಮ್ಮ ಪರವಾಗಿ ಬ್ಯಾಂಕೇ ಬರೆದಿಟ್ಟಿರುತ್ತದೆ. ನೋಟು ಎಣಿಸಿ ಕೊಡುವಾಗ ಕೈ ಒಂದು ಕ್ಷಣ ತಡೆಯುತ್ತಿತ್ತು, ಮೊಬೈಲು ಆ ತಡೆಯನ್ನು ತೆಗೆದುಹಾಕಿದೆ, ನಿಜ. ಬದಲಿಗೆ ಕೊಟ್ಟಿರುವ ದಾಖಲೆಯನ್ನು ನಾವು ಓದುವುದಿಲ್ಲ. ತಿಂಗಳಿಗೊಂದು ಭಾನುವಾರ ಅರ್ಧ ಗಂಟೆ ಕುಳಿತು ಖಾತೆಯ ವಿವರ ಓದುವ ಅಭ್ಯಾಸ ದಿನವೂ ಡೈರಿ ಬರೆಯುವುದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ. ನೋಡುತ್ತಿಲ್ಲದ ಒಟಿಟಿಗೆ ಕಟ್ಟುತ್ತಿರುವ ಚಂದಾ, ಬಳಸದ ಎರಡನೆಯ ಸಿಮ್ಮಿನ ರೀಚಾರ್ಜು, ಖಾತೆಯಲ್ಲಿ ಹಣವಿಲ್ಲದೆ ವಾಪಸಾದ ಕಂತಿಗೆ ಬಿದ್ದ ದಂಡ ಎಲ್ಲವೂ ಅಲ್ಲಿ ಸಿಗುತ್ತವೆ. ಸಣ್ಣ ಏರಿಕೆಗಳು ವರ್ಷದಲ್ಲಿ ಎಷ್ಟಾಗುತ್ತವೆ ಎಂಬುದೂ ಅಲ್ಲೇ ಕಾಣುತ್ತದೆ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ದಿನಕ್ಕೆ ಒಂದೂವರೆ ಲೀಟರ್ ಕೊಳ್ಳುವ ಮನೆಗೆ ಅದು ದಿನಕ್ಕೆ 6 ರೂಪಾಯಿ, ವರ್ಷಕ್ಕೆ 2,190. ಮಕ್ಕಳಿರುವ ಮನೆ ಹಾಲು ಕಡಿಮೆ ಮಾಡಬೇಕಿಲ್ಲ. ಆ 2,190 ಎಲ್ಲಿಂದ ಬಂತು ಎಂಬುದು ಗೊತ್ತಿದ್ದರೆ ಆಯಿತು.

ಇಷ್ಟು ಹೊತ್ತು ಸಂಬಳದವರ ಮಾತಾಯಿತು. ದಿನಗೂಲಿಯವರು, ಆಟೋ ಓಡಿಸುವವರು, ಹೂವು ತರಕಾರಿ ಮಾರುವವರು ತಿಂಗಳ ಆದಾಯ ಎಂಬ ಮಾತನ್ನೇ ಬಳಸಲಾರರು. ಅವರಿಗಾಗಿ ಒಂದು ದೊಡ್ಡ ಯೋಚನೆ ಹುಟ್ಟಿದ್ದು ನಮ್ಮ ಉಡುಪಿಯಲ್ಲಿ. ಕೈಮಗ್ಗದ ಕಸುಬು ಸೊರಗಿದ್ದ ಕಾಲದಲ್ಲಿ ನೇಕಾರರಿಗೆ ಆಸರೆಯಾಗಲೆಂದು ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ 1925ರಲ್ಲಿ 8,000 ರೂಪಾಯಿ ಬಂಡವಾಳದಲ್ಲಿ ಕಟ್ಟಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅದು ಪಿಗ್ಮಿ ಠೇವಣಿ ಆರಂಭಿಸಿತು. ಬ್ಯಾಂಕಿನ ಮನುಷ್ಯ ದಿನವೂ ಮನೆ ಬಾಗಿಲಿಗೆ ಬಂದು ಎರಡಾಣೆ ಪಡೆದು ಬರೆದುಕೊಂಡು ಹೋಗುತ್ತಿದ್ದ. ದಿನ ದುಡಿದು ದಿನ ತಿನ್ನುವವರು ತಿಂಗಳ ಕೊನೆಗೆ ಬ್ಯಾಂಕಿಗೆ ಬರಲಾರರು, ಗಳಿಕೆ ಕೈಯಲ್ಲಿರುವ ಸಂಜೆಯೇ ಬ್ಯಾಂಕು ಅವರ ಬಳಿಗೆ ಹೋಗಬೇಕು ಎಂಬ ತಿಳಿವಳಿಕೆ ಅದರ ಹಿಂದಿತ್ತು. ಆ ಬ್ಯಾಂಕು 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಪಿಗ್ಮಿ ಮಾತ್ರ ಉಳಿದಿದೆ. ಸಂಜೆ ಪೇಟೆಯಲ್ಲಿ ಸಣ್ಣ ಯಂತ್ರ ಹಿಡಿದು ಅಂಗಡಿಯಿಂದ ಅಂಗಡಿಗೆ ಹೋಗುವ ಪಿಗ್ಮಿ ಕಲೆಕ್ಟರ್‌ಗಳನ್ನು ಇವತ್ತಿಗೂ ಕಾಣಬಹುದು. ಬಡ್ಡಿ ಕಡಿಮೆ, ಮಧ್ಯದಲ್ಲಿ ತೆಗೆದರೆ ಇನ್ನೂ ಕಡಿಮೆ. ಆದರೂ ದಿನಕ್ಕೆ 50 ರೂಪಾಯಿ ಕಟ್ಟಿದವರ ಕೈಗೆ ವರ್ಷದ ಕೊನೆಗೆ 18,250 ಬರುತ್ತದೆ. ಬೇರೆ ಯಾವ ರೀತಿಯಲ್ಲೂ ಆ ಮೊತ್ತ ಅವರ ಕೈಯಲ್ಲಿ ನಿಲ್ಲುತ್ತಿರಲಿಲ್ಲ.

ರೈತರ ಕಷ್ಟ ಇದಕ್ಕೆ ತಿರುಗಾಮುರುಗಾ. ಅಡಿಕೆ, ಕಾಫಿ, ಹತ್ತಿ ಬೆಳೆಯುವವರಿಗೆ ಹಣ ವರ್ಷಕ್ಕೊಮ್ಮೆಯೋ ಎರಡು ಸಲವೋ ಬರುತ್ತದೆ, ಖರ್ಚು ತಿಂಗಳು ತಿಂಗಳೂ ಇರುತ್ತದೆ. ಅಡಿಕೆ ಮಾರಿದ ವಾರದಲ್ಲಿ ಹೊಸ ಬೈಕು ಬಂದು, ಮಳೆಗಾಲದ ಹೊತ್ತಿಗೆ ಮಂಡಿಯಲ್ಲಿ ಮುಂದಿನ ಬೆಳೆಯ ಮೇಲೆ ಮುಂಗಡ ಎತ್ತುವುದು ಮಲೆನಾಡಿನವರಿಗೆ ಪರಿಚಿತ ಕಥೆ. ಹಿಂದಿನವರಿಗೆ ಇದರ ಪರಿಹಾರ ಕಾಳಿನ ರೂಪದಲ್ಲಿ ಗೊತ್ತಿತ್ತು. ಬಯಲುಸೀಮೆಯಲ್ಲಿ ಜೋಳವನ್ನು ನೆಲದೊಳಗಿನ ಹಗೇವಿಗೆ ಹಾಕಿ ಬಾಯಿ ಮುಚ್ಚುತ್ತಿದ್ದರು. ಹಗೇವು ತೆಗೆಯುವುದೆಂದರೆ ಮನೆಯವರೆಲ್ಲ ಕೂತು ನಿರ್ಧರಿಸುವ ಕೆಲಸ, ಯಾರೋ ಒಬ್ಬರು ಮಧ್ಯಾಹ್ನ ಹೋಗಿ ಒಂದು ಸೇರು ತರುವಂಥದ್ದಲ್ಲ. ಬೆಳೆಯ ಹಣ ಬಂದಾಗ ಮುಂದಿನ ಬೆಳೆಯ ಗೊಬ್ಬರ, ಕೂಲಿ, ಸಾಲದ ಕಂತು ಬೇರೆ ತೆಗೆದು, ಉಳಿದದ್ದನ್ನು ಹನ್ನೆರಡಾಗಿ ಭಾಗಿಸಿ ತನಗೆ ತಾನೇ ತಿಂಗಳ ಸಂಬಳ ಕೊಟ್ಟುಕೊಳ್ಳುವ ರೈತರು ಇದ್ದಾರೆ. ಬೆಲೆ ಕುಸಿದ ವರ್ಷವನ್ನು ಸಾಲವಿಲ್ಲದೆ ದಾಟುವ ಶಕ್ತಿ ಬರುವುದು ಈ ಕ್ರಮದಿಂದಲೇ.

ಲೆಕ್ಕ ಇಡುವುದು ನಮಗೆ ಒಗ್ಗದು ಎನ್ನುವವರ ಮನೆಯಲ್ಲೂ ಒಂದು ಪುಸ್ತಕ ತಪ್ಪದೆ ಇರುತ್ತದೆ. ಅದು ಮುಯ್ಯಿ ಪುಸ್ತಕ. ಇಪ್ಪತ್ತು ವರ್ಷದ ಹಿಂದಿನ ಮದುವೆಯಲ್ಲಿ ಯಾವ ಊರಿನ ಯಾರು ಎಷ್ಟು ಬರೆಸಿದರು ಎಂಬುದು ಟ್ರಂಕಿನ ತಳದಲ್ಲಿ ಭದ್ರವಾಗಿರುತ್ತದೆ. ಆ ಮನೆಯ ಲಗ್ನಪತ್ರಿಕೆ ಬಂದ ಕೂಡಲೇ "ಏನ್ರೀ, ಅವರು ನಮಗೆ ಎಷ್ಟು ಮಾಡಿದ್ರು ನೋಡಿ" ಎಂದು ಅದು ಹೊರಗೆ ಬರುತ್ತದೆ. ಖರ್ಚಿನ ಡೈರಿ ಉಳಿಯದೆ ಮುಯ್ಯಿ ಪುಸ್ತಕ ಉಳಿಯಲು ಕಾರಣವಿದೆ. ಡೈರಿ ಹೋದ ಹಣವನ್ನು ಬರೆಯುತ್ತದೆ, ಅದನ್ನು ಮತ್ತೆ ಓದಿದರೆ ಬೇಸರವಷ್ಟೇ. ಮುಯ್ಯಿ ಪುಸ್ತಕ ಮುಂದೆ ತೀರಿಸಬೇಕಾದದ್ದನ್ನು ಬರೆಯುತ್ತದೆ. ಮನೆಯ ಆಯವ್ಯಯದ ಪುಸ್ತಕವನ್ನೂ ಹಾಗೆಯೇ ಇಡಬೇಕು: ಹನ್ನೆರಡು ತಿಂಗಳಿಗೆ ಹನ್ನೆರಡು ಪುಟ, ಪ್ರತಿ ಪುಟದಲ್ಲಿ ಆ ತಿಂಗಳು ಯಾರಿಗೆ ಎಷ್ಟು ಕೊಡಬೇಕು ಎಂಬ ಪಟ್ಟಿ. ಕಂದಾಯ ಏಪ್ರಿಲ್ ಪುಟದಲ್ಲಿ. ಮೇ ಪುಟದಲ್ಲಿ ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ 436 ಮತ್ತು ಸುರಕ್ಷಾ ವಿಮೆಯ 20 ರೂಪಾಯಿ, ಏಕೆಂದರೆ ಆ ತಿಂಗಳ ಕೊನೆಗೆ ಖಾತೆಯಲ್ಲಿ ಹಣವಿಲ್ಲದಿದ್ದರೆ ವಿಮೆಯೇ ತಪ್ಪಿಹೋಗುತ್ತದೆ.

ಹೆಂಗಸರು ಈ ವರ್ಷದ ಲೆಕ್ಕವನ್ನು ಬಹಳ ಕಾಲದಿಂದ ಗುಟ್ಟಾಗಿ ಮಾಡುತ್ತಲೇ ಬಂದಿದ್ದಾರೆ. ಸಾಸಿವೆ ಡಬ್ಬಿಯಲ್ಲಿ, ಸೀರೆಯ ಮಡಿಕೆಯಲ್ಲಿ ಸೇರಿದ ನೋಟುಗಳೇ ಎಷ್ಟೋ ಮನೆಗಳ ಆಸ್ಪತ್ರೆಯ ಬಿಲ್ಲು ಕಟ್ಟಿವೆ. 2016ರ ನವೆಂಬರ್ 8ರ ರಾತ್ರಿ 500, 1,000ದ ನೋಟು ರದ್ದಾದಾಗ ಆ ಡಬ್ಬಿಗಳು ಮನೆಯವರೆಲ್ಲರ ಮುಂದೆ ತೆರೆದುಕೊಳ್ಳಬೇಕಾಯಿತು. ವರ್ಷಗಟ್ಟಲೆ ಕೂಡಿಟ್ಟ ಹಣ ಗಂಡಂದಿರ ಖಾತೆಗೆ ಹೋಗಿ, ಅಲ್ಲಿಂದ ತಿರುಗಿ ಬಾರದ ಮನೆಗಳೂ ಇವೆ. ಆ ಹಣಕ್ಕೆ ಆಕೆಯ ಹೆಸರಿನ ಖಾತೆ ಬೇಕು ಎಂಬುದಕ್ಕೆ ಬೇರೆ ವಾದ ಬೇಡ. 2023ರ ಆಗಸ್ಟ್‌ನಿಂದ ಮನೆಯ ಯಜಮಾನಿಯ ಖಾತೆಗೆ ಬರುತ್ತಿರುವ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಈ ದೃಷ್ಟಿಯಿಂದ ದೊಡ್ಡ ಅವಕಾಶ. ಕಂತು ಕೆಲವೊಮ್ಮೆ ತಡವಾಗಿ, ಎರಡು ಮೂರು ತಿಂಗಳದ್ದು ಒಟ್ಟಿಗೆ ಬರುವುದರಿಂದ ಅದನ್ನು ದಿನಸಿಗೆ ನಂಬಿಕೊಂಡರೆ ಅಂಗಡಿಯಲ್ಲಿ ಉದ್ರಿ ಬೆಳೆಯುತ್ತದೆ. ಸಾಧ್ಯವಿರುವ ಮನೆಗಳು ಅದನ್ನು ವರ್ಷದ ಖರ್ಚಿಗೆ ಮೀಸಲಿಟ್ಟರೆ, ತಡವಾದರೂ ಹೆಚ್ಚೇನೂ ಕೆಡುವುದಿಲ್ಲ.

ಸಾಲ ಇಲ್ಲದೆ ಆಗದು ಎನ್ನುವ ಸಂದರ್ಭ ಬಂದರೆ ಬಡ್ಡಿಯನ್ನೂ ವರ್ಷದಲ್ಲೇ ಓದಬೇಕು. ನೂರಕ್ಕೆ ಮೂರು ರೂಪಾಯಿ ಎಂದರೆ ಕಿವಿಗೆ ಸಣ್ಣದು, ಅದು ತಿಂಗಳ ಬಡ್ಡಿಯಾದರೆ ವರ್ಷಕ್ಕೆ ಶೇ 36. ಕಂತಿನ ಸಾಲದಲ್ಲಿ ಫ್ಲಾಟ್ ದರ ಎಂಬುದಿದೆ. 1 ಲಕ್ಷಕ್ಕೆ ಶೇ 12ರ ಫ್ಲಾಟ್ ದರದಲ್ಲಿ ಎರಡು ವರ್ಷಕ್ಕೆ ಸಾಲ ಪಡೆದರೆ ತಿಂಗಳ ಕಂತು ಸುಮಾರು 5,167. ಅಸಲು ಕರಗುತ್ತಾ ಹೋದರೂ ಬಡ್ಡಿಯನ್ನು ಪೂರ್ತಿ 1 ಲಕ್ಷಕ್ಕೇ ಹಾಕುವುದರಿಂದ ನಿಜವಾದ ಬಡ್ಡಿ ಶೇ 21ನ್ನು ದಾಟುತ್ತದೆ. ಸಹಿ ಹಾಕುವ ಮುಂಚೆ "ಇದು ಫ್ಲಾಟೋ, ಉಳಿದ ಅಸಲಿನ ಮೇಲೋ" ಎಂದು ಕೇಳಲೇಬೇಕು. ಕಿರುಸಾಲಗಳಿಗೆ ರಿಸರ್ವ್ ಬ್ಯಾಂಕ್ 2022ರಲ್ಲಿ ತಂದ ನಿಯಮವೊಂದು ಎಲ್ಲ ಮನೆಗಳಿಗೂ ಉಪಯುಕ್ತ: ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಅದು ಕೊನೆಯ ಗೆರೆ, ಅಲ್ಲಿವರೆಗೂ ಹೋಗಬಹುದೆಂಬ ಪರವಾನಗಿಯಲ್ಲ. ಒಂದು ಸಂಘದ ಕಂತು ಕಟ್ಟಲು ಇನ್ನೊಂದು ಸಂಘದಲ್ಲಿ ಸಾಲ ಎತ್ತಿದ ಮನೆಗಳು ಊರು ಬಿಟ್ಟ ಸುದ್ದಿಗಳ ನಂತರ, 2025ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಲೆಕ್ಕಕ್ಕೆ ಕೂರುವಾಗ ಗಂಡ ಹೆಂಡತಿ ಇಬ್ಬರೂ ಇರಲಿ, ಹೈಸ್ಕೂಲಿನ ಮಕ್ಕಳೂ ಜೊತೆಗಿರಲಿ. ತನ್ನ ಶಾಲೆಗೆ ವರ್ಷಕ್ಕೆ ಎಷ್ಟಾಗುತ್ತದೆ ಎಂದು ತಿಳಿದ ಹುಡುಗಿ ಹಬ್ಬದ ಬಟ್ಟೆಯ ವಿಷಯದಲ್ಲಿ ತಾನೇ ಒಂದು ಸಲಹೆ ಕೊಡುತ್ತಾಳೆ. ಇದು ಮಕ್ಕಳ ಮೇಲೆ ಭಾರ ಹೊರಿಸಿದಂತಾಗುವುದಿಲ್ಲ. ಮುಚ್ಚಿದ ಬಾಗಿಲ ಹಿಂದೆ ಅಪ್ಪ ಅಮ್ಮ ದುಡ್ಡಿಗಾಗಿ ಜಗಳವಾಡುವುದನ್ನು ಕೇಳಿಸಿಕೊಳ್ಳುವುದು ಅವರಿಗೆ ಇದಕ್ಕಿಂತ ದೊಡ್ಡ ಭಾರ.

ಮೊದಲ ವರ್ಷದ ಅಂದಾಜು ಖಂಡಿತ ತಪ್ಪುತ್ತದೆ. ಶುಲ್ಕ ಏರುತ್ತದೆ, ಯಾವುದೋ ಗೃಹಪ್ರವೇಶ ಮರೆತಿರುತ್ತದೆ, ಯಾರಿಗೋ ಜ್ವರ ಬಂದು ವಾರ ಮಲಗುತ್ತಾರೆ. ಪಡಿತರ ಚೀಟಿಯಿರುವ ಬಡ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯ ನೆರವಿದೆ. ಆ ಕಾರ್ಡು ಮಾಡಿಸುವುದೂ ಆಯವ್ಯಯದ ಕೆಲಸವೇ, ಅದನ್ನು ಆಸ್ಪತ್ರೆ ಸೇರುವ ಮುಂಚೆ ಮುಗಿಸಿರಬೇಕು. ಆದರೂ ಓಡಾಟ, ಔಷಧಿ, ಕಳೆದುಕೊಂಡ ಕೂಲಿಗೆ ಹಣ ಬೇಕೇ ಬೇಕು, ಶುಲ್ಕಕ್ಕೆಂದು ಇಟ್ಟದ್ದರಲ್ಲೇ ಕೈ ಹಾಕಬೇಕಾಗುತ್ತದೆ. ಹಾಕಿ, ಸಂಕೋಚ ಬೇಡ, ಅದು ಇರುವುದೇ ಮನೆಯವರಿಗಾಗಿ. ಆದರೆ ತೆಗೆದ ದಿನವೇ ಜೂನ್ ಪುಟದಲ್ಲಿ "ಶಾಲೆಯ ಹಣದಿಂದ ತೆಗೆದದ್ದು 6,000, ತಿಂಗಳಿಗೆ ಸಾವಿರದಂತೆ ವಾಪಸ್" ಎಂದು ಬರೆದಿಡಿ. ಮುಂದಿನ ಆರು ತಿಂಗಳು ಆ ಖಾತೆಗೆ 4,750ರ ಬದಲು 5,750 ಹೋಗಲಿ.